ಬೆಂಕಿಯಿಲ್ಲದ ಹೊಗೆ

ರಿವರ್ಟನ್, ಅಳಿವೆಯ ಈ ದಡ
ಶನಿವಾರ, 2 ಏಪ್ರಿಲ್ 2011

ರಿಪೆಕಾ,

ನಿನ್ನ ದೋಣಿ ಅಳಿವೆಯ ಬಾಯಿ ದಾಟಿ ಎರಡು ಗಂಟೆ ಆಗಿಲ್ಲ, ಆಗಲೇ ಕಾಗದ ಹಿಡಿದು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಪ್ರತಿವರ್ಷದಂತೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನಿಮ್ಮನ್ನು ನೋಡುತ್ತಿದ್ದೆ. ಉಪ್ಪಿನ ಚೀಲ ಹತ್ತಿದವು, ಬಕೆಟ್ಟುಗಳು ಹತ್ತಿದವು, ಮಗಳು ಮೊಮ್ಮಕ್ಕಳು ಹತ್ತಿದರು, ನೀನೂ ಹತ್ತಿದೆ. ವಾಟಿ ಹಗ್ಗ ಬಿಚ್ಚಿ ದೋಣಿ ತಿರುಗಿಸಿದ. ಕಟ್ಟೆಯ ಮೇಲೆ ಒಬ್ಬ ಉಳಿದುಬಿಟ್ಟ. ಆ ಕಿತ್ತಳೆ ಬಣ್ಣದ ಕೋಟು ಈ ಊರಲ್ಲಿ ಇನ್ನಾರಿಗಿದೆ? ಕೈಯಲ್ಲಿದ್ದ ಚಹಾ ಲೋಟ ಸಿಂಕಿಗೆ ಬಿತ್ತು.

ನಿನ್ನ ಗಂಡ ತೀತೀ ಹಕ್ಕಿಯ ಮರಿ ಹಿಡಿಯಲು ನಡುಗಡ್ಡೆಗೆ ಹೋಗುವ ದೋಣಿ ತಪ್ಪಿಸಿದ! ಐವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಸದವನು. ನನ್ನ ಗಂಡ ಆರ್ಚಿಯ ಹೆಣ ಇನ್ನೂ ಚರ್ಚಿನಲ್ಲಿರುವಾಗ, ಮಣ್ಣಿಗೆ ಎರಡು ದಿನ ಬಾಕಿ ಇರುವಾಗ, “ಹಕ್ಕಿ ಯಾರಿಗೂ ಕಾಯಲ್ಲ ನೆಟ್ಟಾ” ಎಂದು ಹೇಳಿ ದೋಣಿ ಹತ್ತಿದ ಮಹಾನುಭಾವ. ಅವತ್ತಿನಿಂದ ಒಂಬತ್ತು ವರ್ಷ ನಾನು ಅವನ ಹೊಸಿಲು ತುಳಿದಿಲ್ಲ, ತುಳಿಯುವುದೂ ಇಲ್ಲ. ನೀನು ಮಾತ್ರ ಆ ಸಲ ಉಳಿದೆ, ಆಮೇಲೆ ಹೋದೆ. ಅದನ್ನೂ ನಾನು ಮರೆತಿಲ್ಲ.

ಏನಾಯಿತೇ? ನನಗೇಕೆ ಹೇಳಲಿಲ್ಲ? ಒಂಬತ್ತು ಚಳಿಗಾಲ ಬೆಳಿಗ್ಗೆ ಏಳಕ್ಕೆ ನೀನು ನನ್ನ ಚಿಮಣಿಯ ಹೊಗೆ ನೋಡಿದ್ದೀಯ, ನಾನು ನಿನ್ನದು ನೋಡಿದ್ದೇನೆ. ಹೊಗೆ ಕಾಣದಿದ್ದರೆ ಸೇತುವೆ ದಾಟಿ ಬರಬೇಕು ಎಂದು ಮಾತು. ನಾನು ಜ್ವರದಲ್ಲಿ ಮಲಗಿದ್ದ ವರ್ಷ ನೀನು ರಾತ್ರಿಯುಡುಪಿನ ಮೇಲೆ ಗಂಬೂಟು ಹಾಕಿಕೊಂಡು ಓಡಿ ಬಂದಿದ್ದೆ. ಅಂಥವರ ನಡುವೆ ಇಷ್ಟು ದೊಡ್ಡ ಸುದ್ದಿಯನ್ನು ನಾನು ಕಿಟಕಿಯಿಂದ ತಿಳಿದುಕೊಳ್ಳಬೇಕೇ? ಮೊದಲ ದೋಣಿಗೇ ಉತ್ತರ ಕಳಿಸು.

ನೆಟ್ಟಾ

*

ನಡುಗಡ್ಡೆ
14 ಏಪ್ರಿಲ್

ನೆಟ್ಟಾ,

ಬೈದದ್ದು ಸರಿ. ಹೇಳಬೇಕೆಂದು ಎರಡು ಸಲ ಸೇತುವೆಯವರೆಗೆ ಬಂದು ವಾಪಸು ಹೋದೆ. ಹೇಳಬೇಡ ಎಂದು ರಾವಿರಿ ಆಣೆ ಹಾಕಿಸಿದ್ದ.

ಅವನ ಶ್ವಾಸಕೋಶ ಕೆಟ್ಟಿದೆ. ಹತ್ತು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಾನೆ. ಇಲ್ಲಿ ಕೆಸರಲ್ಲಿ ಮೊಣಕಾಲೂರಿ, ಬಿಲದೊಳಗೆ ಭುಜದವರೆಗೆ ತೋಳು ತೂರಿಸಿ ಮರಿ ಎಳೆಯುವ ಕೆಲಸ ಅವನಿಂದ ಇನ್ನಾಗದು. ನಾನೂ ಉಳಿಯುತ್ತೇನೆ ಎಂದೆ. “ಮಕ್ಕಳಿಗೆ ಬಿಲ ತೋರ್ಸೋರು ಯಾರು? ನನ್ನಪ್ಪನ ಜಾಗಾನ ಹುಲ್ಲಿಗೆ ಬಿಟ್ಟುಕೊಡ್ತೀಯಾ?” ಎಂದು ಕೂಗಾಡಿ ಕೆಮ್ಮಿ ಕೆಮ್ಮಿ ನೀಲಿಯಾದ. ಬಂದುಬಿಟ್ಟೆ.

ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದ್ದಾರೆ: “ಇವರಿಗೆ ಚಳಿ ತಗುಲಬಾರದು. ಒಂದು ರಾತ್ರಿ ಸರಿಯಾಗಿ ತಗುಲಿತೋ, ಆಮೇಲೆ ನನ್ನ ಕೈಯಲ್ಲಿಲ್ಲ.” ಮನೆ ಬೆಚ್ಚಗಿರಲು ಬೇಕಾದ ಏರ್ಪಾಡು ಮಾಡಿ ಬಂದಿದ್ದೇನೆ. ಅಡುಗೆ ಮಾಡಿ ಫ್ರೀಜರ್ ತುಂಬಿದ್ದೇನೆ. ಯಾವ ದಿನ ಏನು ಮಾಡಬೇಕು ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ.

ಅವನು ಉಳಿದದ್ದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಕ್ಲಬ್ಬಿನ ಗೆಳೆಯರು ಅವನು ಇಲ್ಲೇ ಇದ್ದಾನೆ ಎಂದುಕೊಂಡಿದ್ದಾರೆ. ನಾಚಿಕೆಗೆ ಹೊರಗೆ ಬರುವುದಿಲ್ಲ, ಫೋನು ಎತ್ತುವುದಿಲ್ಲ. ನರ್ಸು ಬರುವುದು ತಿಂಗಳಿಗೊಮ್ಮೆ. ದಡಕ್ಕೆ ಮಾತಾಡುವ ನಮ್ಮ ರೇಡಿಯೋಗೆ ಉಪ್ಪುನೀರು ನುಗ್ಗಿ ಮೊದಲ ವಾರವೇ ಉಬ್ಬಸ ಹಿಡಿದಿದೆ. ಈಗ ನನಗಿರುವುದು ನೀನೊಬ್ಬಳೇ. ಅವನ ಮೇಲಿನ ಸಿಟ್ಟು ಪಕ್ಕಕ್ಕಿಟ್ಟು, ದಿನಾ ಒಂದು ಸಲ ನೋಡು. ಅಷ್ಟು ಮಾಡು, ಸಾಕು.

ಮರಿಗಳು ಈ ವರ್ಷ ಚೆನ್ನಾಗಿ ಕೊಬ್ಬಿವೆ.

ರಿಪೆಕಾ

*

ರಿವರ್ಟನ್
27 ಏಪ್ರಿಲ್

ರಿಪೆಕಾ,

ಆ ಎತ್ತಿನಂಥ ಮನುಷ್ಯನಿಗೆ ಉಸಿರು ಸಾಲುವುದಿಲ್ಲವೇ? ನೋಡು ಎಂದೆಯಲ್ಲ, ನೋಡುತ್ತೇನೆ. ಮಾತು ಕೊಟ್ಟ ಮೇಲೆ ಮುಗಿಯಿತು. ನೀನು ಮಕ್ಕಳಿಗೆ ಬಿಲ ತೋರಿಸು.

ಇಲ್ಲಿ ಊರಿಗೆ ಊರೇ ಹುಚ್ಚು ಹಿಡಿಸಿಕೊಂಡಿದೆ. ಎಲ್ಲರ ಬಾಯಲ್ಲೂ ಹೀಟ್ ಪಂಪ್, ಹೀಟ್ ಪಂಪ್. ಇನ್ವರ್‌ಕಾರ್ಗಿಲ್‌ನಲ್ಲಿ ನನ್ನ ತಮ್ಮನೂ ಬೆಂಕಿಗೂಡು ಕಿತ್ತೆಸೆದು ಗೋಡೆಗೊಂದು ಬಿಳಿ ಪೆಟ್ಟಿಗೆ, ಅಂಗಳಕ್ಕೊಂದು ಬಿಳಿ ಪೆಟ್ಟಿಗೆ ಹಾಕಿಸಿದ್ದಾನೆ. ಏನು ಮಾಡುತ್ತದೋ ಇದು ಎಂದೆ. “ಹೊರಗಿನ ಗಾಳಿ ಎಷ್ಟೇ ತಣ್ಣಗಿರ್ಲಿ ಅಕ್ಕಾ, ಅದರಲ್ಲೂ ಒಂದಿಷ್ಟು ಶಾಖ ಇರುತ್ತೆ. ಇದು ಅದನ್ನ ಹಿಂಡಿ ಒಳಗೆ ತರುತ್ತೆ” ಎಂದ. “ಹಾಗಾದ್ರೆ ಹೋರೀನೂ ಹಿಂಡು, ಹಾಲು ಬರುತ್ತೆ” ಎಂದೆ. ಅವನ ಹೆಂಡತಿ ನಕ್ಕಳು, ಅವನು ನಗಲಿಲ್ಲ. ಮನೆಯೇನೋ ಬೆಚ್ಚಗಿತ್ತು, ಸುಳ್ಳು ಹೇಳಬಾರದು. ಆದರೆ ಕಣ್ಣು ನೆಡಲು ಒಂದು ಜ್ವಾಲೆ ಇಲ್ಲ, ಕಾಲು ಚಾಚಲು ಒಂದು ಒಲೆಬಾಯಿ ಇಲ್ಲ. ಎಲ್ಲರೂ ಆ ಪೆಟ್ಟಿಗೆಯ ರೆಕ್ಕೆ ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಕೂರುತ್ತಾರೆ.

ನಿನ್ನ ಮನೆಯಲ್ಲಾದರೂ ಆರ್ಚಿ ಕಟ್ಟಿದ ಬೆಂಕಿಗೂಡಿದೆ. ನಮ್ಮೆರಡೂ ಮನೆಯ ಚಿಮಣಿಗೆ ಒಂದೇ ಗಾಡಿಯ ಇಟ್ಟಿಗೆ ತಂದಿದ್ದ, ನೆನಪಿದೆಯಾ? ಅವನು ಕಟ್ಟಿದ್ದರಲ್ಲಿ ಈ ಊರಲ್ಲಿ ಉಳಿದಿರುವುದು ಅವೆರಡೇ. ಕಿಟಕಿಯಿಂದ ನಿನ್ನ ಮನೆಯ ಮಾಡು ನೋಡಿದಾಗೆಲ್ಲ ಅವನು ಅಲ್ಲಿ ಕೂತು ಗಾರೆ ಮೆತ್ತುತ್ತಿದ್ದಂತೆ ಕಾಣುತ್ತದೆ.

ನೆಟ್ಟಾ

*

ನಡುಗಡ್ಡೆ
4 ಮೇ

ನೆಟ್ಟಾ,

ಸಾಮಾನು ತಂದ ಹೆಲಿಕಾಪ್ಟರಿನವನು ಕಾಯುತ್ತಿದ್ದಾನೆ, ಎರಡೇ ಸಾಲು. ರೇಡಿಯೋ ಪೂರ್ತಿ ಸತ್ತಿತು. ರಾವಿರಿ ಹೇಗಿದ್ದಾನೆ? ಊಟ ಮಾಡುತ್ತಾನಾ? ನೋಡುತ್ತಿದ್ದೀಯಲ್ಲ? ಮಗಳು ದಿನಾ ಕೇಳುತ್ತಾಳೆ, ನಾನು ದಿನಾ “ನೆಟ್ಟಾ ಇದ್ದಾಳೆ” ಎನ್ನುತ್ತೇನೆ.

ನಿನಗೊಂದು ವಿಷಯ ಹೇಳುವುದಿದೆ. ಬಂದ ಮೇಲೆ ಎದುರಿಗೆ ಕೂತು ಹೇಳುತ್ತೇನೆ, ಕಾಗದದಲ್ಲಿ ಬೇಡ.

ರಿ.

*

ರಿವರ್ಟನ್
ಬುಧವಾರ, 11 ಮೇ

ರಿಪೆಕಾ,

ನಿಶ್ಚಿಂತೆಯಾಗಿರು. ವಾರದಿಂದ ಇಬ್ಬನಿ ಹೆಪ್ಪುಗಟ್ಟುವ ಚಳಿ ಶುರುವಾಗಿದೆ, ನಾನೂ ನನ್ನ ಕೆಲಸ ಶುರುಮಾಡಿದ್ದೇನೆ. ದಿನಾ ಏಳಕ್ಕೆ ಕಿಟಕಿಯಲ್ಲಿ ಹಾಜರು. ಗಡಿಯಾರ ಇಟ್ಟಂತೆ ನಿನ್ನ ಮಾಡಿನ ಮೇಲೆ ಹೊಗೆ ಏಳುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಹೊಗೆ ಎದ್ದಿತು ಎಂದರೆ ಅವನೂ ಎದ್ದಿದ್ದಾನೆ, ಬೆಂಕಿ ಹಾಕಿದ್ದಾನೆ, ಕೆಟಲ್ ಇಟ್ಟಿದ್ದಾನೆ ಎಂದರ್ಥ. ನಾನು ಪರದೆ ಎಳೆದು ನನ್ನ ಗಂಜಿಗೆ ಹೋಗುತ್ತೇನೆ.

ಒಂದು ಮಾತು ಹೇಳಲೇಬೇಕು, ನೀನಿಲ್ಲದಾಗಲೇ ನಿನ್ನ ಗಂಡ ಬೆಂಕಿ ಹಾಕಲು ಕಲಿತಿದ್ದಾನೆ. ನೀನು ಹಾಕಿದಾಗ ಕಲ್ಲಿದ್ದಲಿನ ಕಪ್ಪು ಹೊಗೆ ಅರ್ಧ ಗಂಟೆ ಒದ್ದಾಡುತ್ತಿತ್ತು. ಅವನದು ಅಚ್ಚ ಬಿಳಿ, ಬುಸ್ಸೆಂದು ಎದ್ದು ಎರಡು ನಿಮಿಷದಲ್ಲಿ ಕರಗಿಯೇ ಹೋಗುತ್ತದೆ. ಒಳ್ಳೆ ಒಣ ಸೌದೆ ತರಿಸಿರಬೇಕು.

ಮಂಗಳವಾರ ಮಾತ್ರ ಸ್ವಲ್ಪ ತಡವಾದ ಹಾಗಿತ್ತು. ನನಗೇ ಸರಿಯಾಗಿ ಕಾಣಲಿಲ್ಲವೋ ಏನೋ. ಇವತ್ತು ಮತ್ತೆ ಏಳಕ್ಕೆ ಸರಿಯಾಗಿ ಬಂತು.

ನಾಳೆ ವಾಟಿ ಹೊರಡುತ್ತಾನೆ. ಅವನ ಕೈಲಿ ಓಟ್ಸ್ ಬಿಸ್ಕತ್ತಿನ ಡಬ್ಬ ಕಳಿಸಿದ್ದೇನೆ, ಮಕ್ಕಳಿಗೆ.

ನೆಟ್ಟಾ

*

12 ಮೇ, ಮಧ್ಯಾಹ್ನ

ನೆಟ್ಟಾ, ಯಾವ ಹೊಗೆ?

ನಮ್ಮ ಮನೆಯಲ್ಲಿ ಬೆಂಕಿಯೇ ಇಲ್ಲ! ಬೆಂಕಿಗೂಡು ಇಲ್ಲ, ಮಾರ್ಚಿನಲ್ಲೇ ತೆಗೆಸಿದೆವು. ಚಿಮಣಿಯ ಬಾಯಿಗೆ ತಗಡು ಬಡಿದಿದೆ. ಕಲ್ಲಿದ್ದಲಿನ ಹೊಗೆ ಅವನನ್ನು ಕೊಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದಕ್ಕೆ ಹೀಟ್ ಪಂಪ್ ಹಾಕಿಸಿದೆವು. ಆರ್ಚಿಯ ಚಿಮಣಿ ಮುಚ್ಚಿಸಿದೆ ಎಂದು ನಿನಗೆ ಹೇಳಲು ನನಗೆ ನಾಲಿಗೆ ಬರಲಿಲ್ಲ. ನೀನು ಅಕ್ಕನ ಮನೆಗೆ ಡನೀಡನ್‌ಗೆ ಹೋದ ವಾರ ನೋಡಿಯೇ ಕೆಲಸ ಮಾಡಿಸಿದೆ.

ನೀನು ನೋಡಿದ್ದು ಹೊಗೆಯಲ್ಲ, ಆವಿ. ಹೊರಗಿನ ಪೆಟ್ಟಿಗೆ ಗುಡ್ಡದ ಕಡೆಯ ಗೋಡೆಗಿದೆ, ನಿನಗೆ ಕಾಣುವುದಿಲ್ಲ. ಚಳಿಯಲ್ಲಿ ಓಡುವಾಗ ಅದರ ಮೈಗೆ ಹಿಮ ಕಟ್ಟುತ್ತದೆ. ಆಗ ಅದು ತನ್ನಷ್ಟಕ್ಕೆ ಮೈ ಕಾಯಿಸಿಕೊಂಡು ಹಿಮ ಕರಗಿಸುತ್ತದೆ, ಬುಸ್ಸೆಂದು ಬಿಳಿ ಆವಿ ಮಾಡಿನ ಮೇಲೆ ಏಳುತ್ತದೆ. ಬೆಳಿಗ್ಗೆ ಆರಕ್ಕೆ ತಾನೇ ಹತ್ತಿಕೊಂಡು ರಾತ್ರಿ ಹತ್ತಕ್ಕೆ ತಾನೇ ಆರುವಂತೆ ಹೊಂದಿಸಿಟ್ಟು ಬಂದಿದ್ದೇನೆ. ಅದಕ್ಕೆ ಯಾರೂ ಏಳಬೇಕಿಲ್ಲ. ಮನೆಯಲ್ಲಿ ಯಾರೂ ಬದುಕಿರಬೇಕಾಗಿಯೂ ಇಲ್ಲ.

ನೀನು ಒಳಗೆ ಹೋಗಿಯೇ ಇಲ್ಲವೇ? ಒಂದು ಸಲವೂ? ನೋಡು ಎಂದರೆ ಕಿಟಕಿಯಿಂದ ಮಾಡು ನೋಡು ಎಂದೇ?

ಅಲೆ ಎದ್ದಿದೆ. ವಾಟಿಗೆ ದೋಣಿ ಬಂಡೆಗೆ ತರಲಾಗುತ್ತಿಲ್ಲ, ಸಾಮಾನೆಲ್ಲ ದೋಣಿಯಿಂದ ಬಂಡೆಗೆ ಬಿಗಿದ ಹಗ್ಗದ ಮೇಲೆ ಬಂತು, ಈ ಕಾಗದವೂ ಹಗ್ಗದ ಮೇಲೆಯೇ ಹೋಗುತ್ತದೆ. ನನ್ನನ್ನೂ ಅದಕ್ಕೇ ಕಟ್ಟಿ ಕಳಿಸಿ ಎಂದೆ, ಮಗಳು ಸೊಂಟ ಹಿಡಿದು ನಿಲ್ಲಿಸಿದ್ದಾಳೆ. ಲಕೋಟೆಯ ಮೇಲೆ ವಾಟಿಗೆ, ದೋಣಿಯ ರೇಡಿಯೋದಲ್ಲೇ ದಡಕ್ಕೆ ಹೇಳು ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ.

ಓಡು ನೆಟ್ಟಾ. ಓದುತ್ತ ನಿಲ್ಲಬೇಡ.

*

ದೊಡ್ಡಾಸ್ಪತ್ರೆ, ಇನ್ವರ್‌ಕಾರ್ಗಿಲ್
ಶುಕ್ರವಾರ, 13 ಮೇ

ರಿಪೆಕಾ,

ಮೊದಲು ಇದು: ಅವನು ಬದುಕಿದ್ದಾನೆ.

ಈ ಕಾಗದ ನಿನಗೆ ತಲುಪುವುದರೊಳಗೆ ಪೊಲೀಸರು ಹೆಲಿಕಾಪ್ಟರಿನವನ ಮೂಲಕ ನಿನಗೆ ಸುದ್ದಿ ಮುಟ್ಟಿಸಿರಬಹುದು. ಗಾಳಿ ಇಳಿದ ಕೂಡಲೇ ಕರೆತರುತ್ತೇವೆ ಎಂದಿದ್ದಾರೆ. ಆದರೂ ಬರೆಯುತ್ತೇನೆ. ಸುಮ್ಮನೆ ಕೂರಲಾಗುತ್ತಿಲ್ಲ.

ವಾಟಿ ನಿನ್ನ ಕಾಗದವನ್ನು ಒದ್ದೆಯಾಗದಿರಲೆಂದು ಬಿಸ್ಕತ್ತಿನ ಖಾಲಿ ಡಬ್ಬದಲ್ಲಿಟ್ಟಿದ್ದನಂತೆ. ಮೇಲೆ ಬರೆದದ್ದು ಓದಿದ್ದು ಕಟ್ಟೆ ಸೇರಿದ ಮೇಲೆ. ಓಡಿ ಬಂದು ಬಾಗಿಲು ಬಡಿದ. ಮೊದಲ ಸಾಲು ಓದಿದೆ, “ಯಾವ ಹೊಗೆ”. ಉಳಿದದ್ದನ್ನು ಓಡುತ್ತಲೇ ಓದಿದೆ. ಆಮೇಲೆ ಸೇತುವೆ ಹೇಗೆ ದಾಟಿದೆನೋ ಗೊತ್ತಿಲ್ಲ, ವಾಟಿಗಿಂತ ಮುಂದಿದ್ದೆನಂತೆ.

ನಿನ್ನ ಬಾಗಿಲಿಗೆ ಬೀಗ ಇರಲಿಲ್ಲ. ತಳ್ಳಿದೆ. ಬೆಚ್ಚನೆಯ ಗಾಳಿ ಮುಖಕ್ಕೆ ಹೊಡೆಯಿತು, ಒಳಗೆ ಯಾರೋ ಸುಖವಾಗಿ ಕೂತಿದ್ದಾರೆ ಎನ್ನುವ ಹಾಗೆ. ಬೆಚ್ಚಗಿದೆ, ಹಾಗಾದರೆ ಇದ್ದಾನೆ ಎಂದುಕೊಂಡೆ. ಮರುಕ್ಷಣವೇ ನಿನ್ನ ಮಾತು ನೆನಪಾಗಿ ಒಳಗೆ ಓಡಿದೆ.

ಮುಂಗೋಣೆಯ ನೆಲದ ಮೇಲೆ ಬಿದ್ದಿದ್ದ. ಪಕ್ಕದಲ್ಲಿ ಮಗುಚಿದ ಸ್ಟೂಲು, ಧೂಳು ಹಿಡಿದ ಜರಡಿ. ಗೋಡೆಯ ಪೆಟ್ಟಿಗೆ ಬಾಯಿ ತೆರೆದುಕೊಂಡೇ ಗುಂಯ್ ಎನ್ನುತ್ತಿತ್ತು. ಫ್ರಿಜ್ಜಿನ ಮೇಲೆ ನಿನ್ನ ಚೀಟಿ ಓದಿದೆ, “ಮೇ 8, ಭಾನುವಾರ: ಯಂತ್ರದ ಜರಡಿ ತೆಗೆದು ತೊಳೆ.” ಗಂಡಸು ಹೆಂಡತಿಯ ಚೀಟಿಯನ್ನು ಅಕ್ಷರಕ್ಕಕ್ಷರ ಪಾಲಿಸಿದ. ಸೊಂಟದ ಮೂಳೆ ಮುರಿದಿದೆ. ಭಾನುವಾರದಿಂದ ಗುರುವಾರದ ಸಂಜೆವರೆಗೆ ಅಲ್ಲೇ ಬಿದ್ದಿದ್ದಾನೆ ರಿಪೆಕಾ, ನಾಲ್ಕು ದಿನ.

ಬದುಕಿದ್ದು ಹೇಗೆ ಎಂದು ಡಾಕ್ಟರಿಗೂ ಆಶ್ಚರ್ಯ. ಅವನಿಗೆ ಆ ಯಂತ್ರದ ಮೇಲೆ ನಂಬಿಕೆ ಇರಲಿಲ್ಲವಂತೆ. ಬಿಸಿನೀರಿನ ರಬ್ಬರ್ ಚೀಲ ತುಂಬಿ ಕುರ್ಚಿಯಲ್ಲಿಟ್ಟುಕೊಳ್ಳುತ್ತಿದ್ದ. ಅದನ್ನು ತನ್ನ ಊರುಗೋಲಿನಿಂದ ಎಳೆದುಕೊಂಡು, ಅದರ ನೀರನ್ನು ಗುಟುಕು ಗುಟುಕಾಗಿ ಕುಡಿದಿದ್ದಾನೆ. ಯಂತ್ರದ ಶಾಖವೂ ಕಾಪಾಡಿದೆ. ಬೆಂಕಿಗೂಡಾಗಿದ್ದರೆ ಮೊದಲ ರಾತ್ರಿಯೇ ಆರಿಹೋಗಿ ಅವನೂ ತಣ್ಣಗಾಗಿರುತ್ತಿದ್ದ ಎಂದರು. ಬೆಂಕಿಗೂಡಾಗಿದ್ದರೆ ಮೊದಲ ಬೆಳಿಗ್ಗೆಯೇ ಹೊಗೆ ಕಾಣದೆ ನಾನು ಬಂದಿರುತ್ತಿದ್ದೆ ಎಂದು ನಾನು ಹೇಳಲಿಲ್ಲ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಅವನು ಹಾಗೆ ಬಿದ್ದಿರುವಾಗಲೂ ನನ್ನ ಕಣ್ಣು ಆರ್ಚಿಯ ಬೆಂಕಿಗೂಡು ಇದ್ದ ಕಡೆ ಹೋಯಿತು. ಅಲ್ಲೊಂದು ಬಣ್ಣ ಬಳಿದ ಹಲಗೆ, ಅದರ ಮೇಲೆ ಕ್ಯಾಲೆಂಡರು. ಒಂದು ಕ್ಷಣ ಅದಕ್ಕೇ ಹೊಟ್ಟೆ ಉರಿಯಿತು. ನನ್ನಂಥವಳೂ ಇರುತ್ತಾಳೆಯೇ?

ನ್ಯುಮೋನಿಯಾ ಆಗಿದೆ. ಜ್ವರದಲ್ಲಿ “ಮಂಗಳವಾರ, ಮಂಗಳವಾರ” ಎಂದು ಬಡಬಡಿಸುತ್ತಿದ್ದಾನೆ. ಏನೆಂದು ಗೊತ್ತಾಗಲಿಲ್ಲ.

ನೆಟ್ಟಾ

*

ರಿವರ್ಟನ್, ಈ ದಡ
7 ಜೂನ್

ರಿಪೆಕಾ,

ನಡೆದರೆ ಕಾಲು ಗಂಟೆಯ ದಾರಿಗೆ ಅಂಚೆ ಚೀಟಿ ಹಚ್ಚುತ್ತಿದ್ದೇನೆ ಎಂದು ಅಂಚೆಯವಳು ನಕ್ಕಳು. ನಗಲಿ.

ನೀನು ಬಂದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೆದುರು ನನ್ನನ್ನು ತಬ್ಬಿಕೊಂಡು “ಇವಳಿಲ್ದಿದ್ರೆ ನನ್ನ ಮನೆ ಹಾಳಾಗ್ತಿತ್ತು” ಎಂದೆ. ಅಂಗಡಿಯಲ್ಲಿ ಜನ ದಾರಿ ಬಿಟ್ಟು ಮುಂದೆ ಕಳಿಸುತ್ತಾರೆ. ಮೊನ್ನೆ ರಾವಿರಿಯನ್ನು ಮನೆಗೆ ಕರೆತಂದ ದಿನ, ಈ ವರ್ಷ ಉಪ್ಪು ಹಾಕಿದ ಮೊದಲ ಬಕೆಟ್ ಹಕ್ಕಿಯನ್ನು ನನ್ನ ಬಾಗಿಲಲ್ಲಿಟ್ಟು ಹೋದೆ. ನಿನ್ನ ಒಡಹುಟ್ಟಿದವರಿಗಲ್ಲದೆ ಯಾರಿಗೂ ಕೊಡದ ಬಕೆಟ್ಟದು. ಅದು ಇನ್ನೂ ಅಲ್ಲೇ ಇದೆ. ಒಳಗೆ ತರಲು ಕೈ ಬರುತ್ತಿಲ್ಲ.

ಮಂಗಳವಾರ ಎಂದರೆ ಏನೆಂದು ಗೊತ್ತಾಗಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು.

ನೀನು ಬರುವ ಮೊದಲು, ಆ ಶನಿವಾರ, ಅವನಿಗೆ ಎಚ್ಚರವಾಯಿತು. ಒಂಬತ್ತು ವರ್ಷದ ಮೇಲೆ ನಾವಿಬ್ಬರೂ ಆಡಿದ ಮೊದಲ ಮಾತು ಇದು.

“ಮಂಗಳವಾರ ಯಾಕೆ ಬರ್ಲಿಲ್ಲ?” ಎಂದ.

“ಯಾವ ಮಂಗಳವಾರ?” ಎಂದೆ.

“ಸೋಮವಾರ ಬೆಳಿಗ್ಗೆ ಆ ದರಿದ್ರ ಪೆಟ್ಟಿಗೆ ಹೊರಗೆ ಬುಸ್ಸಂತು. ನೀನು ಅಲ್ಲಿ ಕಿಟಕೀಲಿ ನಿಂತಿರ್ತೀಯ ಅಂತ ನಂಗೊತ್ತು, ಹೆಂಗಸರ ಹೊಗೆ ಲೆಕ್ಕ ನಂಗೊತ್ತಿಲ್ವಾ? ಅಯ್ಯೋ, ಈ ಪೆದ್ದಿ ಇದನ್ನೇ ಹೊಗೆ ಅಂದ್ಕೋತಾಳೆ ಅನ್ನಿಸ್ತು. ಕೂಗೋಕೆ ಉಸಿರಿಲ್ಲ. ಇದನ್ನ ಆರ್ಸಿದ್ರೆ ಬರ್ತಾಳೆ ಅಂತ ಯೋಚ್ನೆ ಮಾಡ್ದೆ.”

ರಿಮೋಟು ಗೋಡೆಯ ಗೂಡಿನಲ್ಲಿತ್ತು. ಸೋಮವಾರ ಇಡೀ ದಿನ ಮಲಗಿದಲ್ಲಿಂದಲೇ ಕೋಲು ಬೀಸಿ ಬೀಸಿ ಕತ್ತಲಾಗುವ ಹೊತ್ತಿಗೆ ಅದನ್ನು ಕೆಳಗೆ ಬೀಳಿಸಿದನಂತೆ. ಮುಟ್ಟಿದರೆ ಪ್ರಾಣ ಹೋಗುವ ಚಳಿ ಎಂದು ಡಾಕ್ಟರು ಹೇಳಿದ್ದು ಅವನಿಗೂ ಗೊತ್ತಿತ್ತು. ಆದರೂ ಬೆಳಿಗ್ಗೆ ತಾನೇ ಹತ್ತದ ಹಾಗೆ ಒತ್ತಿ ಆರಿಸಿದ. ಮಂಗಳವಾರ ಬೆಳಿಗ್ಗೆ ಯಂತ್ರ ಹತ್ತಲಿಲ್ಲ. ಸಂಜೆಯವರೆಗೂ ಹಲ್ಲು ಕಡಿದುಕೊಂಡು ಸೇತುವೆಯ ಕಡೆಯಿಂದ ಹೆಜ್ಜೆ ಸದ್ದು ಕೇಳುತ್ತದಾ ಎಂದು ಕಾದ. ನಾನು ಬರಲಿಲ್ಲ. ಕೊನೆಗೆ ಕೈ ಮರಗಟ್ಟುವ ಮುಂಚೆ ಮತ್ತೆ ಒತ್ತಿದ. ಬುಧವಾರ ಬೆಳಿಗ್ಗೆ ನಾನು ನಿನಗೆ “ಮತ್ತೆ ಏಳಕ್ಕೆ ಸರಿಯಾಗಿ ಬಂತು” ಎಂದು ಬರೆದೆ.

ಮಂಗಳವಾರ ಹೊಗೆ ತಡವಾಗಲಿಲ್ಲ ರಿಪೆಕಾ. ಬರಲೇ ಇಲ್ಲ. ಮಂಜು ಇರಲಿಲ್ಲ, ನನ್ನ ಕಣ್ಣಿಗೂ ಏನಾಗಿರಲಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು, ನಿನ್ನ ಮಾಡಿನ ಮೇಲೆ ಏನೂ ಇರಲಿಲ್ಲ. ಏಳೂವರೆಯವರೆಗೆ ನೋಡಿದೆ. ಕೋಟು ಹಾಕಿಕೊಂಡೆ. ಸೇತುವೆಯ ಅರ್ಧದವರೆಗೆ ಬಂದೆ. ಅಲ್ಲಿ ನಿಂತುಬಿಟ್ಟೆ. ಬಾಗಿಲು ತಟ್ಟಿದರೆ ಅವನು ಪೈಜಾಮದಲ್ಲಿ ಬಂದು, “ಓಹೋ, ಒಂಬತ್ತು ವರ್ಷ ಬೇಕಾಯ್ತಾ?” ಎಂದು ಹಲ್ಲು ಕಿರಿದರೆ? ಆ ನಗು ಕಣ್ಣ ಮುಂದೆ ಬಂತು. ಆರ್ಚಿಯ ಶವಪೆಟ್ಟಿಗೆಯ ಮೇಲೆ ಮಣ್ಣು ಹಾಕುವಾಗ ಅವನಿರಬೇಕಾದ ಜಾಗ ಖಾಲಿ ಇದ್ದದ್ದು ಕಣ್ಣ ಮುಂದೆ ಬಂತು. ನಿದ್ದೆ ಮಾಡಿದ್ದಾನೆ, ಏಳಲಿ ಎಂದುಕೊಂಡು ತಿರುಗಿ ಬಂದೆ. ಬಂದು ಗಂಜಿ ಕುಡಿದೆ.

ಆವಿಯನ್ನು ಹೊಗೆ ಎಂದುಕೊಂಡದ್ದಕ್ಕೆ ಯಾರೂ ನನ್ನನ್ನು ಬೈಯುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮುದುಕಿ ಎಂದು ನಕ್ಕು ಬಿಡುತ್ತಾರೆ. ಹೊಗೆಯಿಲ್ಲದ್ದನ್ನು ನೋಡಿಯೂ ಬಾರದೆ ಇದ್ದದ್ದು ನನಗೆ ಮತ್ತು ಅವನಿಗೆ ಮಾತ್ರ ಗೊತ್ತು. ಅವನು ನಿನಗೆ ಹೇಳಿಲ್ಲ ಎಂದು ನಿನ್ನ ಬಕೆಟ್ ನೋಡಿ ತಿಳಿಯಿತು. ಅದು ತಡೆದುಕೊಳ್ಳಲಾಗುತ್ತಿಲ್ಲ.

ನೆಟ್ಟಾ

*

ರಿವರ್ಟನ್, ಆ ದಡ
15 ಜೂನ್

ನೆಟ್ಟಾ,

ನಿನ್ನ ಕಾಗದ ಬಂದು ಒಂದು ವಾರ. ನಾಲ್ಕು ಉತ್ತರ ಬರೆದು ಹರಿದೆ. ಅವುಗಳಲ್ಲಿದ್ದ ಮಾತು ನಿನ್ನ ಕಿವಿಗೆ ಬೀಳದಿರುವುದೇ ಒಳ್ಳೆಯದು.

ಓದುವಾಗ ರಾವಿರಿ ನನ್ನ ಮುಖ ನೋಡುತ್ತಿದ್ದ. “ಜೋರಾಗಿ ಓದು” ಎಂದ. ಮಂಗಳವಾರದ ಹತ್ತಿರ ಬಂದು ನಿಲ್ಲಿಸಿದೆ. “ಓದು, ಓದು” ಎಂದ. ಅವನಿಗೆ ಮೊದಲೇ ಗೊತ್ತಿತ್ತು, ನನಗೆ ಹೇಳಿರಲಿಲ್ಲ ಎನ್ನುವುದೇ ನನಗೆ ಸಿಡಿಲು ಬಡಿದ ಹಾಗಾಯಿತು. ಐವತ್ತು ವರ್ಷ ಸಂಸಾರ ಮಾಡಿದವನು.

ಸೇತುವೆಯ ಮಾತು ಬಂದಾಗ ನಕ್ಕ ಕಣೇ. ಮೂಗಿನಲ್ಲಿ ಆಕ್ಸಿಜನ್ ನಳಿಕೆ ಇಟ್ಟುಕೊಂಡು ನಕ್ಕ. “ಅರ್ಧ ಸೇತುವೆ ಬಂದಿದ್ಲಾ? ಒಂಬತ್ತು ವರ್ಷಕ್ಕೆ ಅರ್ಧ. ಇನ್ನೊಂದು ಒಂಬತ್ತು ಕೊಟ್ಟಿದ್ರೆ ಮನೆ ಮುಟ್ಟಿರೋಳು” ಎಂದ. ಆಮೇಲೆ ಬಹಳ ಹೊತ್ತು ಕೆಮ್ಮಿ, ಗೋಡೆ ಕಡೆ ತಿರುಗಿ ಹೇಳಿದ, “ಆರ್ಚಿಗೆ ನಾನು ಎರಡು ದಿನ ಕಾಯ್ಲಿಲ್ಲ. ಅವಳು ನನಗೆ ಎರಡು ದಿನ ತಡ ಮಾಡಿದ್ಲು. ಸರಿಹೋಯ್ತು ಬಿಡು.”

ಅವನಿಗೆ ಸರಿಹೋಗಿರಬಹುದು. ನನಗೆ ಸರಿಹೋಗಿಲ್ಲ. ಸೋಮವಾರ ಸಂಜೆಯಿಂದ ಮಂಗಳವಾರ ಸಂಜೆಯವರೆಗೆ ಆರಿಸಿಟ್ಟ ಆ ಒಂದು ದಿನದಲ್ಲೇ ಚಳಿ ಎದೆಗಿಳಿದದ್ದು ಎಂದು ಡಾಕ್ಟರು ಹೇಳುತ್ತಾರೆ. ಇನ್ನು ಆ ನಳಿಕೆ ಅವನ ಮೂಗಿನಿಂದ ಇಳಿಯುವುದಿಲ್ಲ. ನಡುಗಡ್ಡೆಯನ್ನು ಅವನು ಇನ್ನು ನೋಡುವುದಿಲ್ಲ. ನೀನು ಇನ್ನರ್ಧ ಸೇತುವೆ ನಡೆದಿದ್ದರೆ ಇಷ್ಟಾಗುತ್ತಿರಲಿಲ್ಲ. ನಿನಗೆ ಇದನ್ನು ಹೇಳದೆ ಇದ್ದರೆ ನಾನು ನಿನ್ನ ಗೆಳತಿಯಲ್ಲ.

ನನ್ನ ಪಾಲಿನದನ್ನೂ ಹೇಳುತ್ತೇನೆ. ನಾನು ನಿನಗೆ “ನೋಡು” ಎಂದು ಬರೆದೆ, “ನೋಡಿಕೋ” ಎಂದು ಬರೆಯಲಿಲ್ಲ. ಅಷ್ಟು ಕೇಳಿದರೆ ನೀನು ಒಲ್ಲೆ ಎನ್ನುತ್ತೀಯೇನೋ ಎಂದು ಹೆದರಿದೆ. ನಿನ್ನ ಮನಸ್ಸು ನೋಯುತ್ತದೆ ಎಂದು ಚಿಮಣಿಯ ಸುದ್ದಿ ಮುಚ್ಚಿಟ್ಟೆ. ಉಸಿರಿಲ್ಲದವನಿಗೆ ಸ್ಟೂಲು ಹತ್ತು ಎಂದು ಚೀಟಿ ಬರೆದವಳೂ ನಾನೇ. ಆ ಚೀಟಿಯನ್ನು ಅವನು ಕೀಳಲು ಬಿಡುತ್ತಿಲ್ಲ.

ಆ ಯಂತ್ರ ಇರುತ್ತದೆ. ಆಕ್ಸಿಜನ್ ಇರುವ ಮನೆಯಲ್ಲಿ ಇನ್ನು ಬೆಂಕಿ ಹಚ್ಚುವ ಹಾಗೇ ಇಲ್ಲ. ಆದರೆ ತಾನೇ ಹತ್ತುವ ಏರ್ಪಾಡು ತೆಗೆದುಹಾಕಿದ್ದೇನೆ. ಇನ್ನು ದಿನಾ ಬೆಳಿಗ್ಗೆ ನಾನೇ ಎದ್ದು ನನ್ನ ಕೈಯಾರೆ ಒತ್ತುತ್ತೇನೆ. ಮಾಡಿನ ಮೇಲೆ ಬಿಳಿ ಕಂಡರೆ ನಾನು ಎದ್ದಿದ್ದೇನೆ ಎಂದು ತಿಳಿ. ಕಾಣದಿದ್ದರೆ ಯೋಚಿಸುತ್ತ ನಿಲ್ಲಬೇಡ, ಬಾ. ಕಂಡರೂ ಒಂದು ದಿನ ಬಾ. ಈ ತಿಂಗಳು ಮಾತ್ರ ಬೇಡ ನೆಟ್ಟಾ. ಈ ತಿಂಗಳು ನಿನ್ನ ಮುಖ ನೋಡಲಾರೆ.

ಬಕೆಟ್ ಒಳಗೆ ತಗೋ. ಮೂರು ನೀರು ಬದಲಿಸಿ ಬೇಯಿಸು, ಈ ಸಲ ಉಪ್ಪು ಜಾಸ್ತಿಯಾಗಿದೆ.

ರಿಪೆಕಾ

ಇಷ್ಟು ಬರೆದು ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಏಳೂಕಾಲಾದರೂ ನಿನ್ನ ಚಿಮಣಿಯಲ್ಲಿ ಹೊಗೆ ಇರಲಿಲ್ಲ. ರಾತ್ರಿಯುಡುಪಿನಲ್ಲೇ ಗಂಬೂಟು ಹಾಕಿಕೊಂಡು ಹೊರಟೆ. ಸೇತುವೆಯ ಮುಕ್ಕಾಲು ದಾಟಿದ್ದೆ, ಆಗ ಹೊಗೆ ಎದ್ದಿತು. ಕಪ್ಪು, ಕಲ್ಲಿದ್ದಲಿನದ್ದೇ. ಚೆನ್ನಾಗಿ ನೋಡಿ ಖಾತ್ರಿ ಮಾಡಿಕೊಂಡು ಮನೆಗೆ ಹೋದೆ.